ಗುಬ್ಬಿಯ ಏಳನೇ ಹುಟ್ಟುಹಬ್ಬ

ಮನೆ, ಅಡುಗೆಕೋಣೆಯ ಮೇಜು
೧೨ನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ? ಆ ಸೊಂಟನೋವು ಹೇಗಿದೆ? ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಮೂರು ವರ್ಷದಿಂದ ನಿನ್ನ ಲಾರಿಯ ಸುದ್ದಿಯೂ ಇಲ್ಲ, ನಿನ್ನ ಸುದ್ದಿಯೂ ಇಲ್ಲ. ಅಮ್ಮ ಈಗಲೂ ದಿನಾ ನಿನಗೊಂದು ತಟ್ಟೆ ಹಾಕುತ್ತಾಳೆ, ನಾನು ದಿನಾ ತೆಗೆದಿಡುತ್ತಿದ್ದೆ. "ಇಲ್ಲದವನಿಗೆ ಯಾಕಮ್ಮ ತಟ್ಟೆ?" ಎಂದು ಒಮ್ಮೆ ಅಂದುಬಿಟ್ಟೆ. ಎರಡು ದಿನ ಮಾತು ಬಿಟ್ಟಳು. ನೀನು ನನಗೆ ಗರಗಸ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಸ್ಕೂಲು ಬಿಟ್ಟ ಮೇಲೆ ನಾಲ್ಕು ಕೆಲಸ ಹಿಡಿದು ನಾಲ್ಕನ್ನೂ ಬಿಟ್ಟೆ. ಈಗ ಬೇಕರಿಯಲ್ಲಿದ್ದೇನೆ. ರಜೆಯ ದಿನ, ಯಾರೂ ಇಲ್ಲದ ಮಕ್ಕಳ ಹುಟ್ಟುಹಬ್ಬಕ್ಕೆ ಪುಕ್ಕಟೆ ಕೇಕ್ ಮಾಡಿಕೊಡುವ ಒಂದು ಗುಂಪಿನ ಜೊತೆ ಸೇರಿಕೊಂಡಿದ್ದೇನೆ. ನಮಗೊಂದು ಚೀಟಿ ಬರುತ್ತದೆ: ಹೆಸರು, ವಯಸ್ಸು, ಇಷ್ಟದ ಬಣ್ಣ. ಕೇಕ್ ಮಾಡಿದವರೇ ಕೊಂಡೊಯ್ದು, "ಮಗುವನ್ನು ಕಣ್ಣಾರೆ ಕಂಡೆ" ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಹಿಂದೆ ಎಲ್ಲೋ ದೊಡ್ಡವರೇ ಕೇಕ್ ತಿಂದು ಬಾಯಿ ಒರೆಸಿಕೊಂಡಿದ್ದರಂತೆ. ಸಹಿ ಇಲ್ಲದಿದ್ದರೆ ಮರುವರ್ಷ ಆ ಮಗುವಿಗೆ ಕೇಕ್ ಇಲ್ಲ.

ಹೋದ ಭಾನುವಾರ ನನ್ನ ಪಾಲಿಗೆ ಬಂದದ್ದು: ಗುಬ್ಬಿ, ಏಳು ವರ್ಷ, ಹಳದಿ. ಆ ಮಕ್ಕಳ ಮನೆಯ ಉದ್ದನೆಯ ಮೇಜಿಗೆ ಎಂಟು ಕುರ್ಚಿ. ಮಕ್ಕಳು ಏಳು. ತುದಿಯ ಖಾಲಿ ಕುರ್ಚಿಯ ಮುಂದೆ ಕಾಗದದ ಕಿರೀಟ. ಏಳೂ ಜನ ಆ ಕುರ್ಚಿಯನ್ನೇ ನೋಡುತ್ತ ಹಾಡಿ, ಕೇಕ್ ಕತ್ತರಿಸಿ, ಮೊದಲ ತುಂಡನ್ನು ಕಿರೀಟದ ಪಕ್ಕ ಇಟ್ಟರು. ಗುಬ್ಬಿ ಎಲ್ಲಿ ಎಂದೆ. "ಇಲ್ಲೇ ಇದಾಳಲ್ಲಕ್ಕ. ನಿನ್ನ ನೋಡಿ ನಾಚ್ಕೊಂಡಿದಾಳೆ." ಇನ್ನೊಬ್ಬಳು, "ಮುಂದಿನ ಹಲ್ಲು ಬಿದ್ದಿದೆ, ಅದಕ್ಕೇ ಬಾಯಿ ತೆಗೀತಿಲ್ಲ" ಎಂದಳು.

ಅವರನ್ನು ನೋಡಿಕೊಳ್ಳುವ ಆಯಮ್ಮ ನನ್ನನ್ನು ಹೊರಗೆ ಕರೆದರು. "ಜ್ವರ ಬಂದು ತೀರ್ಕೊಂಡು ಎರಡು ವರ್ಷ ಆಯ್ತಮ್ಮ. ಇವು ಬಿಡಲ್ಲ. ವರ್ಷಾ ವರ್ಷಾ ವಯಸ್ಸು ಕೂಡಿಸಿ ಚೀಟಿ ಬರೆಯೋದೂ ಇವೇ. ನಿನ್ನ ಪುಣ್ಯ, ಸಹಿ ಹಾಕ್ಬಿಡು." ನಾನು ಹಾಕಲಿಲ್ಲ. ಮಾರ್ಕು ಹೆಚ್ಚು ಕೊಟ್ಟಿದ್ದೀರಿ ಎಂದು ಮೇಷ್ಟ್ರಿಗೆ ತಾನೇ ಹೇಳಿ ಫೇಲಾದವಳು ನಾನು.

ಒಳಗೆ ಬಂದರೆ, ಕಿರೀಟದ ಪಕ್ಕದ ತುಂಡನ್ನು ಯಾರೋ ಕಚ್ಚಿದ್ದರು. ಹಳದಿ ಕ್ರೀಮಿನಲ್ಲಿ ಪುಟ್ಟ ಹಲ್ಲುಗಳ ಸಾಲು. ನಡುವೆ ಒಂದು ಹಲ್ಲಿನಷ್ಟು ಜಾಗ ಹಾಗೇ ಉಳಿದಿತ್ತು. ನನಗೆ ಮೊದಲು ಬಂದದ್ದು ಕೋಪ. ಏಳೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ಕಿರಿಯಲು ಹೇಳಿದೆ. ಹುಳುಕು ಇತ್ತು, ಓರೆಕೋರೆ ಇತ್ತು, ಆದರೆ ಎಲ್ಲರ ಮುಂದಿನ ಹಲ್ಲುಗಳೂ ಇದ್ದವು. ಎರಡು ಸಲ ನೋಡಿದೆ. ಆಯಮ್ಮ ನನ್ನ ಜೊತೆಗೇ ಹೊರಗಿದ್ದರು. "ನಿನ್ನದೂ ತೋರ್ಸಕ್ಕ" ಎಂದ ಎಲ್ಲರಿಗಿಂತ ಚಿಕ್ಕವನು. ಯಾರೂ ನಗಲಿಲ್ಲ. ತೋರಿಸಿದೆ.

ಚೀಟಿಯಲ್ಲಿ "ಕಂಡೆ" ಎಂಬುದನ್ನು ಹೊಡೆದುಹಾಕಿ, "ಕಾಣಲಿಲ್ಲ. ತಿಂದಿದ್ದಾಳೆ" ಎಂದು ಬರೆದು ಸಹಿ ಹಾಕಿದೆ. ಗುಂಪಿನವರು ಒಪ್ಪುತ್ತಾರೋ ಇಲ್ಲವೋ. ನನಗೆ ಗೊತ್ತಿರುವುದು ಅಷ್ಟೇ.

ಅಂದಿನಿಂದ ನಿನ್ನ ತಟ್ಟೆ ತೆಗೆದಿಲ್ಲ. ಅಮ್ಮ ಗಮನಿಸಿದ್ದಾಳೆ, ಕೇಳಿಲ್ಲ.

ಅಮ್ಮನ ಆಶೀರ್ವಾದ, ನನ್ನ ಬಾಕಿ ಜಗಳ, ಎರಡೂ ನಿನಗೆ.

ನಿನ್ನ ತಂಗಿ,
ಗರಗಸ

ಮತ್ತೆ: ಶನಿವಾರ ನಿನ್ನ ಹುಟ್ಟುಹಬ್ಬ. ಕೇಕ್ ಮಾಡುತ್ತಿದ್ದೇನೆ. ನಿನ್ನ ವಿಳಾಸ ನನ್ನಲ್ಲಿಲ್ಲ, ಈ ಕಾಗದವನ್ನು ನಿನ್ನ ತಟ್ಟೆಯ ಕೆಳಗೇ ಇಡುತ್ತೇನೆ. ಬದುಕಿದ್ದರೆ ಬಾಗಿಲು ತಟ್ಟಿ ಬಾ, ಪೂರ್ತಿ ಕೇಕ್ ನಿನಗೇ. ಇಲ್ಲದಿದ್ದರೆ ದಮ್ಮಯ್ಯ, ತಟ್ಟೆಯಲ್ಲಿಟ್ಟ ತುಂಡು ಮುಟ್ಟಬೇಡ. ನಿನ್ನ ಮುಂದಿನ ಹಲ್ಲಿನ ಮೂಲೆ ಮುರಿದದ್ದು ನಾನೆಸೆದ ಕಲ್ಲಿಗೆ. ಗುರುತು ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ. ಅಮ್ಮ ಕೇಳಿದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.