ಅಣಕುಗೂಡಿನಲ್ಲಿ ನಾನು ಹಾಕಿದ ಸಹಿ

ಕಲಬುರಗಿ, ಫೆಬ್ರವರಿ 30, 2214

ಹಿಂದಿನ ಕಾಲದ ಬಂಧುಗಳೇ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ, ನಮ್ಮಲ್ಲಿದೆ. ನನ್ನ ಕೆಲವು ಮಾತುಗಳೂ ನಿಮಗೆ ಹೊಸತೆನಿಸಬಹುದು, ಕ್ಷಮಿಸಿ. ನೀವು ಸಿಮ್ಯುಲೇಟರ್ ಎನ್ನುವುದನ್ನು ನಾವು ಅಣಕುಗೂಡು ಎನ್ನುತ್ತೇವೆ. ಬೆಳಗಿನ ಮೂರು ಗಂಟೆಗಳಿಗೆ ತಂಪುಹೊತ್ತು ಎಂದು ಹೆಸರು. ಆಮೇಲೆ ಗಾಳಿ ಕಾದು ತೆಳುವಾಗುತ್ತದೆ, ವಿಮಾನ ಏರುವುದಿಲ್ಲ. ಕರಾವಳಿಯ ರಸ್ತೆಗಳು ಸಮುದ್ರ ಸೇರಿದ ಮೇಲೆ ವೈದ್ಯರು, ಎಂಜಿನಿಯರುಗಳು ಓಡಾಡುವುದೆಲ್ಲ ಖಾಸಗಿ ಕಿರುಜೆಟ್‌ಗಳಲ್ಲೇ. ಅವುಗಳ ಪೈಲಟ್‌ಗಳು ಆರು ತಿಂಗಳಿಗೊಮ್ಮೆ ಅಣಕುಗೂಡಿನಲ್ಲಿ ಕುಳಿತು ಮರುಪರೀಕ್ಷೆ ಕೊಡಬೇಕು. ನಾನು, ನೀಲಾಂಬಿಕಾ, ಹದಿನಾಲ್ಕು ವರ್ಷ ಅಲ್ಲಿ ಪರೀಕ್ಷಕಿಯಾಗಿದ್ದೆ.

ಬಸಲಿಂಗ ಹೂಗಾರರು ನನಗೆ ಹಾರಲು ಕಲಿಸಿದವರು. ಕಳೆದ ವರ್ಷ ಮರುಪರೀಕ್ಷೆಗೆ ನನ್ನೆದುರೇ ಬಂದರು. ವಿಮಾನ ನೆಲ ಬಿಟ್ಟ ಕೂಡಲೇ ಎಡ ಎಂಜಿನ್ ಕೆಡುವಂತೆ ಮಾಡಿದೆ. ಅವರು ಗಾಬರಿಯಲ್ಲಿ ಕೆಟ್ಟದ್ದರ ಬದಲು ಸರಿಯಿದ್ದ ಬಲ ಎಂಜಿನ್ ಬಂದ್ ಮಾಡಿದರು. ಪರದೆಯ ಮೇಲೆ ನೆಲ ಎದ್ದುಬಂತು. ಎರಡನೆಯ ಸಲವೂ ಅದೇ ಆಯಿತು.

"ಈ ಪೆಟ್ಟಿಗ್ಯಾಗ ಕುಂತ್ರ ಕೈಗೆ ಏನೂ ತಿಳಿಯಂಗಿಲ್ಲವಾ," ಎಂದರು. ಹಣೆ ಬೆವೆತಿತ್ತು. "ಖರೇ ವಿಮಾನದಾಗ ಹಿಂಗ ಆಗಂಗಿಲ್ಲ. ನಿನಗ ಕಲಿಸಿದಾವ ನಾ."

"ಇನ್ನೊಂದ್ಸಲ ಕೂಡ್ರೀ ಸರ್," ಎನ್ನಬೇಕಿತ್ತು. ಅವರ ಮುಖ ನೋಡದೆ 'ತೃಪ್ತಿಕರ' ಎಂದು ಬರೆದು ಸಹಿ ಮಾಡಿದೆ.

ಅದಾಗಿ ಹತ್ತೊಂಬತ್ತನೆಯ ದಿನ, ತಂಪುಹೊತ್ತು ಮುಗಿಯುವ ಮೊದಲು, ಮೂವರು ಶಸ್ತ್ರವೈದ್ಯರನ್ನು ಕರೆದುಕೊಂಡು ಅವರ ಜೆಟ್ ಏರಿತು. ಎಡ ಎಂಜಿನ್ ನಿಂತಿತು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಸಹಪೈಲಟ್ ಸಾಯಿರಾಬಾನು ಕೂಗುವುದು ಕೇಳಿಸುತ್ತದೆ: "ಸರ್, ಅದಲ್ರೀ! ಎಡಗಡೀದು!" ಅಷ್ಟರಲ್ಲಿ ಅವರು ಬಲ ಎಂಜಿನ್ ಬಂದ್ ಮಾಡಿಯಾಗಿತ್ತು. ಐವರೂ ತೊಗರಿ ಹೊಲದಲ್ಲಿ ಸುಟ್ಟುಹೋದರು.

ವಿಚಾರಣೆಯಲ್ಲಿ ನಾನು ಸಹಿ ಮಾಡಿದ ಕಾಗದ ನೋಡಿ ತರಬೇತಿಯಲ್ಲಿ ದೋಷವಿಲ್ಲ ಎಂದರು. ಹೊರಗೆ ಹೂಗಾರರ ಹೆಂಡತಿ ಶಾಂತವ್ವ ನನ್ನ ಕೈ ಹಿಡಿದುಕೊಂಡು ಕೇಳಿದರು: "ಪರೀಕ್ಷಾದಾಗ ಪಾಸಾಗಿದ್ರಲ್ಲವಾ? ಮತ್ಯಾಕ ಹಿಂಗಾತು?"

"ಪಾಸಾಗಿರಲಿಲ್ರೀ ಅಕ್ಕಾರ," ಎಂದೆ. "ನಾ ಪಾಸ್ ಮಾಡಿದ್ದು."

ಅವರು ಕೈ ಬಿಟ್ಟರು. ಬೈಯಲಿಲ್ಲ. ನಡೆದು ಹೋದರು. ನಾನು ಒಳಗೆ ಮರಳಿ, ಅಣಕುಗೂಡಿನಲ್ಲಿ ಉಳಿದಿದ್ದ ಆ ಮರುಪರೀಕ್ಷೆಯ ದಾಖಲೆಯನ್ನು ವಿಚಾರಣಾಧಿಕಾರಿಗಳ ಮುಂದಿಟ್ಟೆ. ನನ್ನ ಪರವಾನಗಿ ಹೋಯಿತು. ಬರುವ ಸೋಮವಾರ ಜೈಲಿಗೆ ಹೋಗುತ್ತೇನೆ. ಸಾಯಿರಾಬಾನುವಿಗೆ ಇಪ್ಪತ್ತಾರು ವರ್ಷವಾಗಿತ್ತು. ಆಕೆಯ ತಾಯಿಯನ್ನು ಕಾಣುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಿಮ್ಮ ಕಾಲದಲ್ಲೂ ಇಂಥ ಗೂಡುಗಳಿವೆ, ಪರೀಕ್ಷಕರಿದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ನೀವು ಗೌರವಿಸುವವರು ತಪ್ಪಿದರೆ ಮತ್ತೆ ಕೂಡಿಸಿ. ಹಿರಿಯರಾಗಿರಲಿ, ಗುರುಗಳಾಗಿರಲಿ, ಸಹಿ ಹಾಕಬೇಡಿ. ಸಿಟ್ಟಾಗುತ್ತಾರೆ, ನಿಮ್ಮ ಮುಖ ನೋಡದೆ ಎದ್ದು ಮನೆಗೆ ಹೋಗುತ್ತಾರೆ.

ಹೋಗಲಿ. ಮನೆಗೆ ಹೋಗಲಿ.

ನೀಲಾಂಬಿಕಾ