ಏಳನೇ ದಿನದ ಬಾತುಕೋಳಿ

ಇಂಬಾಬಾ, ಕೈರೋ
9 ಮಾರ್ಚ್ 1987

ನನ್ನ ಕಣ್ಣೇ, ಮಗಳೇ ನಗಾತ್,

ನಿನಗೂ ನಿನ್ನ ಕೂಸಿಗೂ ಯಾರ ದೃಷ್ಟಿಯೂ ತಾಗದಿರಲಿ. ನಿನ್ನ ಕಾಗದ ಬಂತು. ಮಗುವಿನ ಏಳನೇ ದಿನದ ಶಾಸ್ತ್ರಕ್ಕೆ ತವರಿಂದ ಒಂದು ನರಪಿಳ್ಳೆಯೂ ಬರಲಿಲ್ಲ ಅಂತ ಬರೆದಿದ್ದೀಯ. ಬುಟ್ಟಿಯಲ್ಲಿ ಬಾತುಕೋಳಿ, ತುಪ್ಪ ಹೊತ್ತು ತರಬೇಕಾದವಳು ಎಲ್ಲಿ ಸತ್ತಳು ಅಂತ ನಿನ್ನತ್ತೆ ಹಜ್ಜಾ ಇನ್ಶಿರಾಹ್ ನಾಲ್ಕು ಜನರೆದುರು ಕೇಳಿದರಂತೆ. ಈ ಶುಕ್ರವಾರವೂ ಬರದಿದ್ದರೆ ನನಗೆ ಅಮ್ಮನೇ ಇಲ್ಲ ಅಂದುಕೊಳ್ತೀನಿ ಅಂದಿದ್ದೀಯ. ಅಯ್ಯೋ, ಹಾಗನ್ನಬೇಡವೇ.

ಮಂಡಿನೋವು ಅಂತ ಬರೆಯೋಣವೆಂದು ಕೂತೆ. ಎಲ್ಲಿಯ ಮಂಡಿನೋವು! ಬೆಳಕು ಹರಿಯುವ ಮುಂಚೆ ಸರ್ಕಾರಿ ರೊಟ್ಟಿಯ ಸಾಲಲ್ಲಿ ನಿಲ್ಲುವ ಕಾಲಿಗೆ ನೋಯಲು ಪುರಸೊತ್ತೆಲ್ಲಿ?

ಬಾತು ಇತ್ತು ಕಣೇ. ನೀನು ಬಸುರಿ ಅಂತ ತಿಳಿದಾಗಲೇ ಮರಿ ತಂದು ಚಾವಣಿ ಮೇಲೆ ಸಾಕಿದೆ. ನಾವು ನೆನೆಸಿ ತಿನ್ನುವ ಒಣರೊಟ್ಟಿಯಲ್ಲಿ ಅದಕ್ಕೂ ಪಾಲು. ನಾನು ಉಣಿಸೋದು ನೋಡಿ, ಅಲ್ಲಾಹು ನನ್ನನ್ನೂ ಬಾತಾಗಿಯೇ ಹುಟ್ಟಿಸಬಾರದಿತ್ತೇ ಅಂತ ನಿನ್ನಪ್ಪ ನಗ್ತಿದ್ದರು. ಆಮೇಲೆ ಗಾರೆ ಕೆಲಸದಲ್ಲಿ ತುಕ್ಕು ಮೊಳೆ ತುಳಿದರು. ಕೆಲಸಕ್ಕೆ ಹೋಗದ ದಿನ ಒಲೆ ಉರಿಯುವ ಮನೆಯೇ ನಮ್ಮದು? ಆಸ್ಪತ್ರೆಯಲ್ಲಿ ನೋಡಿದ್ದು ಪುಕ್ಕಟೆ, ಔಷಧಿ ಹೊರಗೇ ತರಬೇಕಂತೆ. ನಿನ್ನ ಹೆರಿಗೆಯ ಹಿಂದಿನ ವಾರ ಬಾತು ಔಷಧಿ ಅಂಗಡಿಯವನ ಮನೆ ಸೇರಿತು. ಅವರ ಪಾದ ಇನ್ನೂ ಕಪ್ಪಗೇ ಇದೆ.

ಪಕ್ಕದ ಉಮ್ ಗಾಬಿರ್‌ಗೆ ಇದೇನೂ ಗೊತ್ತಿಲ್ಲ. ಮಧ್ಯಾಹ್ನ ಬರೀ ಬಾಣಲೆಯಲ್ಲಿ ಒಂದೆಸಳು ಬೆಳ್ಳುಳ್ಳಿ ಹುರಿದು, ಮೊಲದ ಮಾಂಸ ಹಾಕಿದ ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆ ಬೀಳುವಾಗ ನಾವೆಲ್ಲ ಮಾಡುವಂತೆ 'ಹಾ!' ಅಂತ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಉಸಿರೆಳೀತೀನಿ. ಸೊಪ್ಪೂ ಇಲ್ಲ, ಸಾರೂ ಇಲ್ಲ. ದಿನಾ ಮೊಲ ಬೇಯಿಸ್ತೀಯಲ್ಲೇ, ಒಂದಿನ ನಮ್ಮನ್ನೂ ಕರಿಯೇ ಅಂತ ಅವಳು ಛೇಡಿಸ್ತಾಳೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನು, ಅನ್ನಿಸಿಕೊಳ್ತೀನಿ. ಅವಳ ಬಾಯಲ್ಲಿ ಅಯ್ಯೋ ಪಾಪ ಕೇಳಲಾರೆ.

ಬರಿಗೈಲಿ ಬಂದರೆ ಚುಚ್ಚುಮಾತು ನನಗಲ್ಲ, ಬದುಕಿರೋವರೆಗೂ ನಿನಗೆ. ಅದಕ್ಕೇ ಬರಲಿಲ್ಲ. ಶುಕ್ರವಾರವೂ ಬರಲಾರೆ. ದಾರಿಯೇ ಕಾಣದು ಮಗಳೇ. ಬೈಯಿ, ಶಪಿಸು. ಅಮ್ಮ ಇಲ್ಲ ಅಂತ ಮಾತ್ರ ಅನ್ನಬೇಡ.

ನಿನ್ನ ಹೆತ್ತವಳು,
ಸನಿಯ್ಯಾ

ಮತ್ತೆ: ಬರಲಿಲ್ಲ ಅಂದದ್ದು ಸುಳ್ಳು. ಏಳನೇ ದಿನ ತರಕಾರಿ ಲಾರಿಯವನ ಕೈಕಾಲು ಹಿಡಿದು ನಿಮ್ಮೂರು ತಂತಾಕ್ಕೆ ಬಂದಿದ್ದೆ, ಕೂಸಿನ ಮುಖ ಒಂದು ಸಲ ನೋಡಿ ಹೋಗೋಣ ಅಂತ. ಹಜ್ಜಾ ಬಾಗಿಲು ತೆರೆದರು. ಭಯವಾಗಿ ಶಾಲು ಮುಖಕ್ಕೆಳೆದುಕೊಂಡೆ. ನಾನೂ ಸೊರಗಿ ಅರ್ಧವಾಗಿದ್ದೀನಿ, ಗುರುತು ಸಿಗಲಿಲ್ಲ. ಮೊಮ್ಮಗನ ದಿನ ಕಣಮ್ಮಾ, ತಗೋ, ಹರಸಿ ಹೋಗು ಅಂತ ರೊಟ್ಟಿ ಮೇಲೆ ಮಾಂಸದ ತುಂಡಿಟ್ಟು ಕೊಟ್ಟರು. ಹರಸಿದೆ. ಒಳಗೆ ಕೂಸು ಅಳ್ತಿತ್ತು. ಯಾರದು, ಅಮ್ಮನಾ ಅಂತ ನೀನು ಕೂಗಿ ಕೇಳಿದೆ. ಅಲ್ಲ, ಯಾರೋ ಭಿಕ್ಷೆಯವಳು ಅಂದರು ಅವರು. ಒಳ್ಳೇ ಕೈ ಅವರದು, ಜಗಳವಾಡಬೇಡ. ರೊಟ್ಟಿ ನಿಮ್ಮ ಬೀದಿ ತಿರುವಿನಲ್ಲೇ ತಿಂದೆ. ಮಾಂಸ ನಿನ್ನಪ್ಪನಿಗೆ ತಂದು, ನಗಾತ್ ಕೈಯಾರೆ ಕಟ್ಟಿಕೊಟ್ಟಳು ಅಂದೆ. ಅಪ್ಪ ಯಾವತ್ತಾದರೂ ಕೇಳಿದರೆ ಹೌದು ಅನ್ನು.