ಕೊರಕಲಿನಾಚೆಯ ಹುಲ್ಲು

ಅಕ್ಟೋಬರ್ ೪, ಶನಿವಾರ. ವಯೋಮಿಂಗ್, ಡೇರೆಯಲ್ಲಿ.

ಭಾವ ಗ್ಯಾರೆಟ್ ಕೊಟ್ಟ ಆ ದುರ್ಬೀನಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅದು ದೂರ ಅಳೆಯುತ್ತದೆ. ಗಾಳಿ ಎಷ್ಟೆಂದು ನಾವು ಒತ್ತಿದರೆ, ಗುರಿಯನ್ನು ಎಷ್ಟು ಸರಿಸಬೇಕೆಂದೂ ಹೇಳುತ್ತದೆ. ಇವತ್ತು ಕೊರಕಲಿನಾಚೆ ನಿಂತ ಹುಲ್ಲೆಗೆ ಮುನ್ನೂರ ನಲವತ್ತು ಗಜ, ಒಂಬತ್ತು ಇಂಚು ಎಡಕ್ಕೆ ಎಂದಿತು. ಹಾಗೇ ಹೊಡೆದೆ. ಗುಂಡು ಹುಲ್ಲೆಯ ಎದೆಗಲ್ಲ, ಹಿಂದಿನ ತೊಡೆಗೆ ಬಿತ್ತು. ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ಹುಡುಕಿದೆವು. ಸಿಗಲಿಲ್ಲ.

"ಯಂತ್ರ ಸುಳ್ಳು ಹೇಳಲ್ಲ ನಡೀನ್, ನಿನ್ನ ಕೈ ನಡುಗಿರ್ಬೇಕು. ಹೋಗ್ಲಿ ಬಿಡಮ್ಮ, ನಿನ್ನ ಪರವಾನಗಿ ಚೀಟಿ ಇನ್ನೂ ಹಾಗೇ ಇದೆಯಲ್ಲ, ನಾಳೆ ಇನ್ನೊಂದು ಹೊಡಿ," ಎಂದ ಗ್ಯಾರೆಟ್.

ಅಷ್ಟೊಂದು ಸಮಾಧಾನ ಯಾಕೆ? ಹೋದ ವರ್ಷ ನಮ್ಮಿಬ್ಬರಲ್ಲಿ ನಾನು ಹೊಡೆದ ಹುಲ್ಲೆಯದೇ ದೊಡ್ಡ ಕೊಂಬು. ಈ ಸಲ ದುರ್ಬೀನಿನ ಲೆಕ್ಕದಲ್ಲಿ ಏನಾದರೂ ತಿರುಚಿಟ್ಟನೇ? ಅವನು ಮಲಗಿದ ಮೇಲೆ ಮೂರು ಸಲ ತೆಗೆದು ನೋಡಿದೆ. ಗುಂಡಿನ ತೂಕ ಸರಿ. ಬಂದೂಕಿನ ಲೆಕ್ಕ ಸರಿ. ಗಾಳಿ ಎಡದಿಂದ, ಗಂಟೆಗೆ ಹನ್ನೆರಡು ಮೈಲಿ. ಅದನ್ನು ನಮ್ಮ ದಿಬ್ಬದ ಮೇಲೆ ಅಳೆದು ಒತ್ತಿದವಳು ನಾನೇ.

ಕೊರಕಲಿನಾಚೆ, ಹುಲ್ಲೆಯ ಕಾಲ ಬಳಿ, ಗಾಳಿ ತಿರುಗಿತ್ತು. ಅಲ್ಲಿ ಹುಲ್ಲು ಎಡಕ್ಕೆ ಬಾಗಿದ್ದನ್ನು ಬಂದೂಕಿನ ಕುದುರೆ ಎಳೆಯುವ ಮುಂಚೆಯೇ ನೋಡಿದ್ದೆ. ನೋಡಿಯೂ ಅಂಕಿಯನ್ನು ನಂಬಿದೆ.

ರಕ್ತ ಬಂದ ಪ್ರಾಣಿ ಸಿಗದಿದ್ದರೂ ನಮ್ಮದೇ ಎನ್ನುತ್ತಿದ್ದ ಅಪ್ಪ. ಬೇಟೆ ಸಿಕ್ಕವರು ಮಾಡುವಂತೆ, ಪರವಾನಗಿ ಚೀಟಿಯಲ್ಲಿ ಅಚ್ಚಾದ ಆ ದಿನ, ತಿಂಗಳನ್ನು ಚಾಕುವಿನಿಂದ ಕತ್ತರಿಸಿಬಿಡುತ್ತಿದ್ದ. ಒಂದು ಚೀಟಿಗೆ ಒಂದೇ ಪ್ರಾಣಿ; ಆ ವರ್ಷದ ಬೇಟೆ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಚೀಟಿಯಲ್ಲಿ ತಾರೀಖು ಕತ್ತರಿಸಿದೆ. ತಿಂಗಳನ್ನೂ ಕತ್ತರಿಸಿ, ಚೀಟಿಯನ್ನು ದುರ್ಬೀನಿನ ಪಕ್ಕದಲ್ಲಿಟ್ಟೆ.